ಉಗ್ರಾಣದಲ್ಲಿರುವ ಕಹಳೆಯನ್ನು ಹುಡುಗಿಯ ತೊಡೆಯ ಮೇಲೆಯೇ ಇರಗೊಡುವ ಬಗ್ಗೆ

ಇಂದ,
ವೆರ್ನಾ ಟ್ರೆಲೋರ್,
ಗ್ರಂಥಪಾಲಕಿ, ಸಂಗೀತ ಶಿಕ್ಷಕಿ ಮತ್ತು ಚಿತ್ರಕಲಾ ಶಿಕ್ಷಕಿ
(ಮೂರೂ ಒಬ್ಬಳೇ, ವಾರಕ್ಕೆ ಎರಡು ದಿನ, ಕಳೆದ ಶುಕ್ರವಾರದಿಂದ ಮೂರೂ ಅಲ್ಲ),
ಬೂರಂಡಿ ಪ್ರಾಥಮಿಕ ಶಾಲೆ, ಗೋಧಿ ತುಂಬಿಡುವ ಸೈಲೋ ಗೋಪುರಗಳ ಹಿಂದೆ,
ಬೂರಂಡಿ, ದಕ್ಷಿಣ ಆಸ್ಟ್ರೇಲಿಯಾ.

ಗೆ,
ವಲಯ ನಿರ್ದೇಶಕರು,
ಶಾಲಾ ಸಂಪನ್ಮೂಲ ಸುವ್ಯವಸ್ಥೆ ಕಚೇರಿ,
ಉತ್ತರ ಬಯಲು ವಲಯ.

ದಿನಾಂಕ: ಮೇ 18, ಸೋಮವಾರ, ಬೆಳಗ್ಗೆ ಏಳು ಗಂಟೆ.

ವಿಷಯ: ತಮ್ಮ ಉಗ್ರಾಣದ 93ನೇ ಪೆಟ್ಟಿಗೆಯಲ್ಲಿದೆ ಎನ್ನಲಾದ ಕಹಳೆಯನ್ನು ಕುಮಾರಿ ಲೂಪೆ ಫಿಫಿತಾಳಿಗೆ ಎರವಲು ಕೊಟ್ಟಿರುವುದಾಗಿ ಮೊಹರು ಒತ್ತಿಕೊಡುವ ಬಗ್ಗೆ, ಹಾಗೂ ಗ್ರಂಥಾಲಯ, ವಾದ್ಯವೃಂದ ಮತ್ತು ಚಿತ್ರಕಲಾ ಕೋಣೆಯನ್ನು ಮುಚ್ಚಿದ ಆದೇಶವನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: 1) ನಮ್ಮ ಶಾಲೆಯ "ಶೂನ್ಯ ನಷ್ಟ"ವನ್ನು ಮೆಚ್ಚಿ ತಮ್ಮ ಕಚೇರಿ ಕಳೆದ ಆಗಸ್ಟಿನಲ್ಲಿ ಕಳಿಸಿದ ಪ್ರಶಂಸಾ ಪತ್ರ.
2) ನಮ್ಮ ಶಾಲೆಯ "ಶೂನ್ಯ ಬಳಕೆ"ಯನ್ನು ಖಂಡಿಸಿ ತಮ್ಮ ಕಚೇರಿ ಈ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶ.
3) ತಮ್ಮ ಅಧಿಕಾರಿ ಶ್ರೀ ಅಲಿಸ್ಟರ್ ಪಿಮ್ ಅವರು ಮೇ 15ರಂದು ಸಹಿ ಮಾಡಿದ ಸ್ವೀಕೃತಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಆರನೇ ತರಗತಿಯ ಲೂಪೆಗೆ ನಾಳೆ ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಅಡಿಲೇಡಿನ ಸಂಗೀತ ಪ್ರೌಢಶಾಲೆಯೊಂದರಲ್ಲಿ ಪ್ರವೇಶ ಪರೀಕ್ಷೆ ಇರುತ್ತದೆ. ಅವಳು ನುಡಿಸುವುದು ಯೂಫೋನಿಯಂ, ಅಂದರೆ ತೊಡೆಯ ಮೇಲೆ ಕೂರಿಸಿಕೊಂಡು ತಬ್ಬಿ ಹಿಡಿದು ಊದಬೇಕಾದ, ಹೊಟ್ಟೆ ದಪ್ಪನೆಯ ಹಿತ್ತಾಳೆ ಕಹಳೆ. ಸದರಿ ಕಹಳೆ ಮೊನ್ನೆ ಗುರುವಾರದವರೆಗೆ ಶಾಲೆಯದು. ಶುಕ್ರವಾರದಿಂದ ತಮ್ಮದು. ಪ್ರವೇಶದ ನಮೂನೆಯ ಒಂಬತ್ತನೇ ಕಲಮಿನ ಪ್ರಕಾರ, ವಾದ್ಯ ಸ್ವಂತದ್ದಲ್ಲದಿದ್ದರೆ ಅದರ ಮಾಲೀಕರು ಎರವಲು ಕೊಟ್ಟ ಪತ್ರವನ್ನು ಮೊಹರಿನ ಸಮೇತ ತರಬೇಕು. ತರದಿದ್ದವರನ್ನು ಒಳಗೆ ಕರೆಯುವುದಿಲ್ಲ.

ಕಹಳೆ ಉಗ್ರಾಣದಲ್ಲಿದೆ ಎಂದು ತಮ್ಮ ದಾಖಲೆ ಹೇಳುತ್ತದೆ. ಈ ಸಾಲು ಬರೆಯುತ್ತಿರುವ ಹೊತ್ತಿನಲ್ಲಿ ಅದು ಪಕ್ಕದ ಕೋಣೆಯಲ್ಲಿ ಲೂಪೆಯ ತೊಡೆಯ ಮೇಲಿದೆ, ನನಗೆ ಕೇಳಿಸುತ್ತಿದೆ. ಇವೆರಡೂ ಏಕಕಾಲಕ್ಕೆ ಹೇಗೆ ನಿಜವಾದವು ಎಂಬುದನ್ನು ಕ್ರಮವಾಗಿ ನಿವೇದಿಸುತ್ತೇನೆ.

1. ಮೂರು ವರ್ಷದ ಹಿಂದೆ, ಪುಸ್ತಕಗಳ ಬಾರ್‌ಕೋಡ್ ಓದುವ ನಮ್ಮ ಯಂತ್ರದ ತಂತಿಯನ್ನು ಇಲಿ ಕಡಿಯಿತು. ಆ ವರ್ಷ ಇಲಿಗಳು ಊರಲ್ಲಿ ಸೋಫಾದಿಂದ ಹಿಡಿದು ಟ್ರ್ಯಾಕ್ಟರ್ ಸೀಟಿನವರೆಗೆ ಎಲ್ಲವನ್ನೂ ಕಡಿದಿದ್ದವು, ಆದ ಕಾರಣ ನಮ್ಮ ಯಂತ್ರದ ಮೇಲೆ ಅವಕ್ಕೆ ವಿಶೇಷ ದ್ವೇಷವಿತ್ತೆಂದು ನಾನು ಆರೋಪಿಸುವುದಿಲ್ಲ. ದುರಸ್ತಿ ಕೋರಿ ತಮ್ಮ ಕಚೇರಿಗೆ ಹನ್ನೊಂದು ಪತ್ರ ಬರೆದೆ. ಹನ್ನೊಂದಕ್ಕೂ ಉತ್ತರ ಬಂತು. ನನ್ನ ಪತ್ರ ತಮಗೆ ಬಹಳ ಮುಖ್ಯವಾದದ್ದೆಂದು ಹನ್ನೊಂದು ಸಲ ತಿಳಿದು ಸಂತೋಷವಾಯಿತು. ಯಂತ್ರ ಬರಲಿಲ್ಲ.

2. ಆಗ ನಮ್ಮ ಪ್ರಿನ್ಸಿಪಾಲ್ ಬ್ರೆಂಟನ್ ನಿಚ್ಕಿ ಗ್ರಂಥಾಲಯದ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು.

"ಈಗೇನ್ ಮಾಡೋದು ವೆರ್ನಾ? ಕಂಪ್ಯೂಟರ್‌ಗೆ ಹೇಳ್ದೆ ಪುಸ್ತಕ ಕೊಡೋ ಹಾಗಿಲ್ವಂತೆ."

"ಮೊಟ್ಟೆಗೆ ಏನ್ ಮಾಡ್ತೀವೋ ಅದನ್ನೇ ಮಾಡೋಣ."

ನಮ್ಮ ಕಡೆ ತೋಟದ ಗೇಟಿನ ಹತ್ತಿರ ಮೊಟ್ಟೆ, ಜ್ಯಾಮ್ ಬಾಟಲಿ, ಕುದುರೆ ಗೊಬ್ಬರದ ಚೀಲ ಇಟ್ಟಿರುತ್ತಾರೆ. ಪಕ್ಕದಲ್ಲಿ ಒಂದು ಡಬ್ಬಿ. ಕಾಯಲು ಯಾರೂ ಕೂತಿರುವುದಿಲ್ಲ. ಬೇಕಾದವರು ತೆಗೆದುಕೊಂಡು ಡಬ್ಬಿಗೆ ಹಾಕಬೇಕಾದ್ದನ್ನು ಹಾಕಿ ಹೋಗುತ್ತಾರೆ. ಹಾಕದೆ ಹೋದವನ ಹೆಸರು ಸಂಜೆಯೊಳಗೆ ಇಡೀ ಊರಿಗೆ ಗೊತ್ತಿರುತ್ತದೆ, ಆದ್ದರಿಂದ ಎಲ್ಲರೂ ಹಾಕುತ್ತಾರೆ. ಇದೇ ಪದ್ಧತಿಯಲ್ಲಿ ನಾನು ಎರಡು ಬಿಸ್ಕತ್ತಿನ ಡಬ್ಬಿ ಇಟ್ಟೆ: ಒಂದರ ಮೇಲೆ "ಹೋದದ್ದು", ಇನ್ನೊಂದರ ಮೇಲೆ "ಬಂದದ್ದು". ಪುಸ್ತಕ ಒಯ್ಯುವಾಗ ಚೀಟಿ ಬರೆದು ಮೊದಲ ಡಬ್ಬಿಗೆ ಹಾಕುವುದು, ತಂದಾಗ ಅದನ್ನು ಎರಡನೆಯದಕ್ಕೆ ವರ್ಗಾಯಿಸುವುದು. ವಾದ್ಯಗಳಿಗೂ ಅದೇ ನಿಯಮ. ಮಕ್ಕಳಿಗೆ ಇದನ್ನು ವಿವರಿಸಲು ನನಗೆ ಒಂದು ನಿಮಿಷ ಹಿಡಿಯಿತು. ತಮ್ಮ ಕಚೇರಿಗೆ ಮೂರು ವರ್ಷದಿಂದ ವಿವರಿಸುತ್ತಿದ್ದೇನೆ.

ಮೂರು ವರ್ಷದಲ್ಲಿ ಒಟ್ಟು 9,240 ಚೀಟಿಗಳಾದವು. ಹಿಂದಿರುಗದ ಪುಸ್ತಕ ಎರಡೇ ಎರಡು. ಒಂದನ್ನು ಲೇಹ್ಮನ್ ಮನೆಯ ಸಾಕು ಕುರಿಮರಿ ತಿಂದಿತು. ಇನ್ನೊಂದನ್ನು ಮುದುಕಿ ಶ್ರೀಮತಿ ಕ್ರೌಚರ್ ತಮ್ಮ ಮೊಮ್ಮಗನ ಹೆಸರಲ್ಲಿ ಒಯ್ದು, ಅರ್ಧ ಓದಿದ್ದಾಗ ತೀರಿಕೊಂಡರು. ಕಥೆಯಲ್ಲಿ ಕೊಲೆ ಮಾಡಿದವನು ಯಾರೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲವಾದ ಕಾರಣ, ಮನೆಯವರು ಪುಸ್ತಕವನ್ನು ಅವರ ಜೊತೆಗೇ ಇಟ್ಟು ಮಣ್ಣು ಮಾಡಿದರು. ಎರಡಕ್ಕೂ ಚೀಟಿ ಇದೆ.

3. ಯಂತ್ರ ಕೆಟ್ಟಿದ್ದರಿಂದ ಕಂಪ್ಯೂಟರಿನಲ್ಲಿ ಈ ಮೂರು ವರ್ಷ ಏನೂ ನಮೂದಾಗಲಿಲ್ಲ. ಅದರ ಲೆಕ್ಕದಲ್ಲಿ 4,118 ಪುಸ್ತಕಗಳೂ ಹತ್ತೊಂಬತ್ತು ವಾದ್ಯಗಳೂ ಕಪಾಟು ಬಿಟ್ಟು ಕದಲಿಲ್ಲ. ಕಳೆದ ವರ್ಷ ಇದನ್ನು ಕಂಡ ತಮ್ಮ ಕಚೇರಿಯು, ಒಂದೂ ಪುಸ್ತಕ ಕಳೆಯದ, ಹರಿಯದ, ತಡವಾಗದ ಏಕೈಕ ಶಾಲೆ ನಮ್ಮದೆಂದು ಕೊಂಡಾಡಿ ಗಾಜಿನ ಚೌಕಟ್ಟಿನ ಪ್ರಶಂಸಾ ಪತ್ರ ಕಳಿಸಿತು. ಅದನ್ನು ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಗೌರವಪೂರ್ವಕವಾಗಿ ತೂಗುಹಾಕಲಾಗಿತ್ತು. ಈ ವರ್ಷ ಅದೇ ಸೊನ್ನೆಯನ್ನು ತಮ್ಮ ಇನ್ನೊಂದು ಮೇಜಿನವರು ನೋಡಿದರು.

4. ಮಾರ್ಚ್‌ನಲ್ಲಿ ಶ್ರೀ ಪಿಮ್ ಪರಿಶೀಲನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್, ವಯಸ್ಸು ನನ್ನ ಸೇವೆಗಿಂತ ಕಡಿಮೆ. ಅದು ಈಜು ಕಲಿಸುವ ವಾರ. ಶಾಲೆಯಲ್ಲಿ ನಾನು ಮತ್ತು ನೊಣಗಳು ಮಾತ್ರ ಇದ್ದೆವು.

"ಯಾರೂ ಇಲ್ವಲ್ಲ?" ಎಂದರು.

"ಎಲ್ಲಾ ಈಜುಕೊಳದಲ್ಲಿದಾರೆ."

"ಪುಸ್ತಕ ಓದೋರು?"

"ಅವ್ರೇ."

"ವಾದ್ಯ ನುಡಿಸೋರು?"

"ಅವರೂ ಅವ್ರೇನಪ್ಪ! ಇರೋದೇ ನಲವತ್ಮೂರು ಜನ. ಓದೋಕೊಂದಷ್ಟು, ಊದೋಕೊಂದಷ್ಟು, ಈಜೋಕೊಂದಷ್ಟು ಅಂತ ಬೇರೆ ಬೇರೆ ಮಕ್ಕಳನ್ನ ಎಲ್ಲಿಂದ ತರ್ಲಿ?"

ಅವರು "ಹಾಜರಿ: ಇಲ್ಲ" ಎಂದು ಒತ್ತಿದರು. ನಾನು ಚೀಟಿಯ ಡಬ್ಬಿಗಳನ್ನು ತೆರೆದು ಮೇಜಿನ ಮೇಲೆ ಸುರಿದೆ. ಕುರಿ ಮೇವಿನ ಚೀಲದ ಲೇಬಲ್ಲು, ಬೇಕರಿ ರಸೀದಿ, ಔಷಧಿ ಪೊಟ್ಟಣ, ಕೈಗೆ ಸಿಕ್ಕಿದ್ದರ ಮೇಲೆಲ್ಲ ಮಕ್ಕಳು ಬರೆದಿದ್ದರು. ಒಂದನ್ನು ಓದಿ ಹೇಳಿದೆ: "ಹಾವಿನ ಪುಸ್ತಕ ತಗೊಂಡಿದೀನಿ. ಬಚ್ಚಲಲ್ಲಿ ಒಂದಿದೆ. ಯಾವ ಜಾತಿ ಅಂತ ನೋಡಿ ತಂದ್ಕೊಡ್ತೀನಿ."

ಪಿಮ್ ಆ ರಾಶಿಯನ್ನು ಬೆರಳ ತುದಿಯಿಂದ ಸರಿಸಿದರು. "ಬೇಜಾರ್ ಮಾಡ್ಕೋಬೇಡಿ ವೆರ್ನಾ, ಇದು ಡೇಟಾ ಅಲ್ಲ. ಚೀಟಿ."

5. ಆದ ಕಾರಣ ಏಪ್ರಿಲ್‌ನಲ್ಲಿ ಆದೇಶ ಬಂತು. ಗ್ರಂಥಾಲಯ, ವಾದ್ಯವೃಂದ, ಚಿತ್ರಕಲೆ ಮೂರನ್ನೂ ಮುಚ್ಚುವುದು. ಮೇ 15ರಂದು ಸರಕೆಲ್ಲವನ್ನೂ ಉಗ್ರಾಣಕ್ಕೆ ಸಾಗಿಸುವುದು. ಬದಲಿಗೆ ಶಾಲೆಗೆ ಈ ಕೆಳಕಂಡ ಸೌಲಭ್ಯ ಒದಗಿಸುವುದು:

(ಅ) ಬೆರಳಿಟ್ಟರೆ ಪಿಟೀಲಿನಂತೆ ಸದ್ದು ಮಾಡುವ ಟ್ಯಾಬ್ಲೆಟ್ ಒಂದು. ನಲವತ್ತಮೂರು ಮಕ್ಕಳಿಗೆ ಒಂದು.

(ಆ) ಬಣ್ಣ ತುಂಬುವ ಆ್ಯಪ್. ಇದರಲ್ಲಿ ಎಷ್ಟೇ ಪ್ರಯತ್ನಪಟ್ಟರೂ ಬಣ್ಣ ಗೆರೆ ದಾಟುವುದಿಲ್ಲ. ಇದರಲ್ಲಿ ಕಲಿತ ಮಕ್ಕಳು ಮುಂದೆ ತಮ್ಮ ಕಚೇರಿಗೆ ಬಹಳ ಉಪಯೋಗಕ್ಕೆ ಬರುತ್ತಾರೆ.

(ಇ) ಪುಸ್ತಕಗಳಿದ್ದ ಜಾಗದಲ್ಲಿ "ಪ್ರಶಾಂತ ಮೂಲೆ", ಕೂರಲು ಎರಡು ಮೆತ್ತನೆ ಚೀಲ. ಗ್ರಂಥಾಲಯ ಈ ಮೊದಲು ಗದ್ದಲದ ಜಾಗವಾಗಿತ್ತೆಂದು ಯಾರು ದೂರಿದರೋ ತಿಳಿಯದು.

6. ಇನ್ನು ಲೂಪೆಯ ವಿಚಾರ. ಅವಳ ತಾಯಿ ಮೆಲೆ ಟೋಂಗಾ ದ್ವೀಪಗಳಿಂದ ಬಂದವರು, ಊರಾಚೆಯ ಹಂದಿ ಫಾರ್ಮಿನಲ್ಲಿ ಕೆಲಸ. ಟೋಂಗಾದಲ್ಲಿ ಲೂಪೆಯ ಅಜ್ಜ ಚರ್ಚಿನ ಬ್ಯಾಂಡಿನಲ್ಲಿ ಇದೇ ಕಹಳೆ ಊದುತ್ತಿದ್ದರಂತೆ. ಮೂರನೇ ತರಗತಿಗೆ ಸೇರಿದ ದಿನವೇ ಹುಡುಗಿ ನಮ್ಮ ಕಪಾಟಿನ ತಳದಲ್ಲಿ ಕಿಲುಬುಗಟ್ಟಿ ಬಿದ್ದಿದ್ದ ಅದನ್ನು ಎಳೆದು ತೆಗೆದು, "ಇದ್ರ ಮೂತಿ ಯಾಕ್ ಸೊಟ್ಟಗಿದೆ?" ಎಂದು ನನ್ನನ್ನೇ ಗದರಿಸಿದ್ದಳು.

ಇಲ್ಲಿ ನನಗೆ ಅರ್ಜಿಯ ಭಾಷೆ ಸಾಲುತ್ತಿಲ್ಲ, ಕ್ಷಮಿಸಿ. ಮೂವತ್ತೊಂದು ವರ್ಷ ಮಕ್ಕಳ ಅಪಸ್ವರ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ಆದರೂ ಈ ಹುಡುಗಿ ಊದುವಾಗ ನನಗೆ ಅಳು ಬರುತ್ತದೆ. ಮಕ್ಕಳ ಎದುರು ಅಳಬಾರದೆಂದು ಕಿಟಕಿ ಮುಚ್ಚುವ ನೆಪದಲ್ಲಿ ಎದ್ದು ಹೋಗುತ್ತೇನೆ. ಬೇಸಿಗೆಯಲ್ಲಿ ಕಿಟಕಿ ಯಾಕೆ ಮುಚ್ಚುತ್ತೀರಿ ಎಂದು ಮಕ್ಕಳು ಕೇಳುವುದನ್ನೂ ಬಿಟ್ಟಿದ್ದಾರೆ. ನನ್ನ ಸೇವೆಯಲ್ಲಿ ಇಂಥ ಮಗು ಒಂದೇ ಬಂತು. ಅದೂ ಸಿಕ್ಕಿದ್ದು, ಒಂದು ಕಪಾಟಿತ್ತು, ಅದರಲ್ಲೊಂದು ಕಹಳೆ ಬಿದ್ದಿತ್ತು ಎಂಬ ಕಾರಣಕ್ಕೆ.

ಪರೀಕ್ಷೆ 19ಕ್ಕೆ, ಸಾಗಣೆ 15ಕ್ಕೆ. ಆದ್ದರಿಂದ ಕಹಳೆ ಒಂದನ್ನಾದರೂ ನಾಲ್ಕು ದಿನ ಬಿಟ್ಟುಕೊಡಿ ಎಂದು ಬೇಡಿಕೊಂಡೆ. "ಶೂನ್ಯ ಬಳಕೆಯ ವಸ್ತುವನ್ನು ತಡಮಾಡಿ ಸಾಗಿಸುವುದರಿಂದ ಯಾರಿಗೂ ಪ್ರಯೋಜನವಿರುವುದಿಲ್ಲ" ಎಂದು ತಾವು ಹಿಂಬರಹ ನೀಡಿದಿರಿ. ಅದನ್ನು ಲೂಪೆಗೆ ನಾನೇ ಹೇಳಬೇಕಾಯಿತು. ಅವಳು ಮಾರನೇ ದಿನ ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ತುಂಡಿಗೆ ಎಣ್ಣೆ ಸುರಿಯುವ ಆಲಿಕೆ ಸಿಕ್ಕಿಸಿಕೊಂಡು ಬಂದಳು.

"ಮಿಸ್, ಇದ್ರಲ್ಲೂ ಸ್ವರ ಬರತ್ತೆ. ಮೂರ್ ಬರತ್ತೆ. ಪರೀಕ್ಷೆಲಿ ಮೂರೇ ಸ್ವರದ್ದು ಏನಾದ್ರೂ ಕೇಳ್ತಾರಾ?"

"ಇಲ್ಲ ಕಣೇ."

"ನಾಲ್ಕನೇದಕ್ಕೂ ನೋಡ್ತಿದೀನಿ. ಇನ್ನೊಂಚೂರು ಉದ್ದ ಕತ್ತರಿಸ್ಬೇಕಿತ್ತು."

7. ಗುರುವಾರ ನಡೆದದ್ದಕ್ಕೆ ನಾನು ಹೊಣೆಯಲ್ಲ. ಬುಧವಾರ ಬೇಕರಿಯಲ್ಲಿ ಮಾಂಸ ತುಂಬಿದ ಪಾಸ್ಟಿ ಕೊಳ್ಳುವಾಗ, ಕಂಪ್ಯೂಟರ್ ಪ್ರಕಾರ ನಮ್ಮ ಪುಸ್ತಕಗಳು ಎಲ್ಲಿದ್ದರೂ ಕಪಾಟಿನಲ್ಲೇ ಇರುತ್ತವೆ ಎಂದು ಒಂದು ಮಾತು ಹೇಳಿದ್ದು ನಿಜ. ಸ್ವಲ್ಪ ಗಟ್ಟಿಯಾಗಿ ಹೇಳಿದ್ದೂ ನಿಜ.

ಈಗ ಗೋಧಿ ಬಿತ್ತನೆಯ ಕಾಲ. ಹೆಂಡತಿಗೆ ಹೆರಿಗೆ ನೋವು ಬಂದರೂ ಬಿತ್ತುವ ಯಂತ್ರದಿಂದ ಇಳಿಯದ ಗಂಡಸರು ನಮ್ಮವರು. ಅಂಥವರು ಗುರುವಾರ ಮೂರೂವರೆಗೆ ಬೂಟಿನ ಕೆಸರು ಕೊಡವಿ ಗ್ರಂಥಾಲಯದ ಮುಂದೆ ಸಾಲು ನಿಂತರು. ಮೊದಲಿಗನು ಕ್ಲೆಮ್ ಡೇವಿ. ಮರುದಿನದ ಸಾಗಣೆಗೆ ತಮ್ಮ ಕಚೇರಿ ಗೊತ್ತು ಮಾಡಿದ್ದ ಲಾರಿ ಅವನದೇ.

"ನೀನ್ ಯಾಕ್ ಬಂದ್ಯೋ ಕ್ಲೆಮ್?"

"ಪುಸ್ತಕ ಬೇಕಿತ್ತು ಕಣಮ್ಮ."

"ನೀನ್ ಯಾವತ್ತು ಓದಿದ್ದು?"

"ಇವತ್ತಿಂದ. ತಡ ಆಯ್ತಾ?"

ಅವನು ಹತ್ತು ಪುಸ್ತಕವನ್ನೂ ದೊಡ್ಡ ಡ್ರಮ್ಮನ್ನೂ ಒಯ್ದ. ಫುಟ್‌ಬಾಲ್ ತಂಡದ ಕೋಚ್ ಬರುವ ಹೊತ್ತಿಗೆ ಕಥೆ ಪುಸ್ತಕಗಳಲ್ಲಿ ರಾಜಕುಮಾರಿಯರವು ಮಾತ್ರ ಉಳಿದಿದ್ದವು, ಮೂವತ್ತೆರಡನ್ನೂ ಎದೆಗವಚಿಕೊಂಡು, ಹಿಂದೆ ನಿಂತು ಹಲ್ಲು ಕಿರಿದವರಿಗೆಲ್ಲ "ಏನ್ರೋ? ನಂಗಿಷ್ಟ!" ಎಂದು ದಬಾಯಿಸಿ ಹೋದ. ಮಕ್ಕಳ ಮಣ್ಣಿನ ಬೊಂಬೆ ಸುಡುವ ಒಲೆಯನ್ನು ಫೋರ್ಕ್‌ಲಿಫ್ಟ್‌ನಲ್ಲಿ ಎತ್ತಿಕೊಂಡು ಹೋಗಲಾಯಿತು. ಮೆಲೆ ಕೆಲಸದ ಬೂಟಿನಲ್ಲೇ ಓಡಿ ಬಂದರು, ಮಗಳ ಕೈಯಲ್ಲಿ ಚೀಟಿ ಬರೆಸಿ ಕಹಳೆ ಒಯ್ದರು. ಯಾರೊಬ್ಬರೂ ಚೀಟಿ ಹಾಕದೆ ಹೋಗಲಿಲ್ಲ. ಇಷ್ಟು ಹೊತ್ತೂ ಪ್ರಿನ್ಸಿಪಾಲರು ಕಿಟಕಿಗೆ ಮುಖ ಮಾಡಿ ಸೈಲೋಗಳನ್ನು ನೋಡುತ್ತ ನಿಂತಿದ್ದರು.

"ನಾನೇನೂ ನೋಡ್ತಿಲ್ಲ ವೆರ್ನಾ," ಎಂದರು. "ಮುಗೀತಾ?"

"ಇನ್ನೂ ಇಪ್ಪತ್ ಜನ ಇದಾರೆ."

"ಹಾಗಾದ್ರೆ ಇನ್ನೂ ನೋಡ್ತಿಲ್ಲ."

ಆರು ಗಂಟೆಗೆ ಕಪಾಟುಗಳು ಖಾಲಿ. ಮೂವತ್ತೊಂದು ವರ್ಷದಲ್ಲಿ ಅಷ್ಟು ಚೆಂದದ ಖಾಲಿ ಕಪಾಟು ನಾನು ನೋಡಿರಲಿಲ್ಲ.

8. ಶುಕ್ರವಾರ ಹತ್ತು ಗಂಟೆಗೆ ಶ್ರೀ ಪಿಮ್ ಬಂದರು. ಜೊತೆಗೆ ನೂರ ನಲವತ್ತು ರಟ್ಟಿನ ಪೆಟ್ಟಿಗೆ, ಪ್ರತಿಯೊಂದಕ್ಕೂ ಮೊದಲೇ ಅಚ್ಚು ಹಾಕಿಸಿದ ಲೇಬಲ್, ಮತ್ತು ಒಂದು ಹೊಚ್ಚಹೊಸ ಬಾರ್‌ಕೋಡ್ ಯಂತ್ರ. ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

"ಪುಸ್ತಕ ಎಲ್ಲಿ?" ಎಂದರು.

"ಕಪಾಟಲ್ಲಿವೆ."

"ಕಪಾಟು ಖಾಲಿ ಇದೆ ವೆರ್ನಾ."

"ನೀವು ಕಪಾಟು ನೋಡ್ತಿದೀರಿ. ದಾಖಲೆ ನೋಡಿ."

ಅವರು ದಾಖಲೆ ನೋಡಿದರು. 4,118 ಪುಸ್ತಕ, ಹತ್ತೊಂಬತ್ತು ವಾದ್ಯ, ಎಲ್ಲವೂ ಕಪಾಟಿನಲ್ಲಿ, ಹೊರಗೆ ಹೋದದ್ದು ಸೊನ್ನೆ. ನಾನು ಡಬ್ಬಿಯನ್ನು ಮುಂದಿಟ್ಟೆ. "ಎಲ್ಲಿವೆ ಅಂತ ಇದ್ರಲ್ಲಿ ಬರ್ದಿದೆ. ಒಂದೊಂದೂ. ಇದನ್ನ ಡೇಟಾ ಅಂತ ಒಪ್ಕೊಳ್ಳಿ, ನಾನೇ ಮನೆಮನೆಗೆ ಕರ್ಕೊಂಡ್ ಹೋಗಿ ಕೊಡಿಸ್ತೀನಿ."

ಪಿಮ್ ಟ್ಯಾಬ್ಲೆಟ್ ಹಿಡಿದು ಕೂತರು. ಕೂರಲು ಸಿಕ್ಕಿದ್ದು ಒಂದನೇ ತರಗತಿಯ ಕುರ್ಚಿ, ಮೊಣಕಾಲು ಕಿವಿಗೆ ತಾಗುತ್ತಿತ್ತು. ಚೀಟಿ ಒಪ್ಪಿಕೊಂಡರೆ ಊರು ಓದುತ್ತದೆಂದು ಒಪ್ಪಿಕೊಂಡಂತೆ. ಆಗ ಅವರ ವರದಿ ಸುಳ್ಳು, ತಮ್ಮ ಆದೇಶ ಸುಳ್ಳು. "ಖಾಲಿ ಅಂತ ಹಾಕೋಣ ಅಂದ್ರೆ ಇದ್ರಲ್ಲಿ ಜಾಗಾನೇ ಇಲ್ಲ," ಎಂದು ಟ್ಯಾಬ್ಲೆಟ್ ತೋರಿಸಿದರು, ಪಾಪ. "'ಸ್ವೀಕರಿಸಿದೆ' ಅಂತ ಒಂದೇ ಗುಂಡಿ ಇರೋದು. ಅದನ್ನ ಒತ್ತದೆ ಈ ಕೆಲಸ ಮುಗಿಯಲ್ಲ, ಐದು ಗಂಟೆ ಒಳಗೆ ಮುಗಿದಿಲ್ಲ ಅಂದ್ರೆ ನಂಗೆ ಮೇಲಿಂದ ಫೋನ್ ಬರತ್ತೆ."

"ಹಾಗಾದ್ರೆ ಒತ್ತಿಬಿಡಿ."

ಅವರು ಒತ್ತಿದರು. ನೂರ ನಲವತ್ತು ಖಾಲಿ ಪೆಟ್ಟಿಗೆಗಳನ್ನು ಮಡಿಚಿ, ಅಂಟು ಪಟ್ಟಿ ಸುತ್ತಿ, ಲೇಬಲ್ ಹಚ್ಚಿ, ಒಂದೊಂದನ್ನೂ ಯಂತ್ರದಿಂದ ಓದಿಸಿ ಲಾರಿಗೆ ಏರಿಸಲಾಯಿತು. ನಾನೂ ಅಂಟು ಹಚ್ಚಲು ಕೈ ಹಾಕಿದೆ. ಕ್ಲೆಮ್ ಪ್ರತಿ ಪೆಟ್ಟಿಗೆಯನ್ನೂ ಸೊಂಟ ಹಿಡಿದುಕೊಂಡು, ಉಸ್ಸಪ್ಪಾ ಎನ್ನುತ್ತ ಎತ್ತಿಟ್ಟ. ಕುರಿಮರಿ ತಿಂದ ಪುಸ್ತಕವೂ ಶ್ರೀಮತಿ ಕ್ರೌಚರ್ ಅವರ ಗೋರಿಯಲ್ಲಿರುವ ಪುಸ್ತಕವೂ ಸುಸ್ಥಿತಿಯಲ್ಲಿ ತಲುಪಿರುವುದಾಗಿ ಶ್ರೀ ಪಿಮ್ ಸಹಿ ಮಾಡಿದ್ದಾರೆ. ತಮ್ಮ ಕಚೇರಿಯ ಕಾರ್ಯಕ್ಷಮತೆಗೆ ನನ್ನ ಅಭಿನಂದನೆಗಳು.

9. ಆದ್ದರಿಂದ ಈಗ ತಮ್ಮ ಮುಂದೆ ಎರಡೇ ದಾರಿಗಳಿರುತ್ತವೆ. ಪೆಟ್ಟಿಗೆಗಳನ್ನು ತೆರೆದು ನೋಡಬಹುದು. ತೆರೆದರೆ ಖಾಲಿ ಎಂದು ತಿಳಿಯುತ್ತದೆ. ಪುಸ್ತಕಗಳು ಹೊಲಮನೆಗಳ ಅಡುಗೆ ಮೇಜಿನ ಮೇಲೂ ಟ್ರ್ಯಾಕ್ಟರ್ ಕ್ಯಾಬಿನ್ನಿನಲ್ಲೂ ಇವೆಯೆಂದು ಸಾಬೀತಾಗುತ್ತದೆ. ಆಗ ಶೂನ್ಯ ಬಳಕೆಯ ಆದೇಶ ತಾನಾಗಿ ಬಿದ್ದುಹೋಗುತ್ತದೆ. ತೆರೆಯದೆ ಇರಬಹುದು. ತೆರೆಯದಿದ್ದರೆ ಕಹಳೆ ತಮ್ಮದು, ತಾವು ಅದನ್ನು ಯಾರಿಗೆ ಬೇಕಾದರೂ ಎರವಲು ಕೊಡಬಹುದು. ನಮಗೆ ಎರಡೂ ಒಪ್ಪಿಗೆ.

ಕಾರಣ, ಈ ಕೆಳಕಂಡಂತೆ ಆಜ್ಞೆ ಮಾಡಬೇಕಾಗಿ ಪ್ರಾರ್ಥಿಸುತ್ತೇನೆ:

ಒಂದು, ಲಗತ್ತಿಸಿರುವ ಎರವಲು ಪತ್ರಕ್ಕೆ ಇಂದೇ ಮೊಹರು ಒತ್ತುವುದು. ಕಹಳೆಯನ್ನು ಕಳಿಸುವ ತೊಂದರೆ ತೆಗೆದುಕೊಳ್ಳಬಾರದಾಗಿ ಕೋರಿಕೆ. ಕಾಗದ ಸಾಕು.

ಎರಡು, ಗ್ರಂಥಾಲಯ, ವಾದ್ಯವೃಂದ, ಚಿತ್ರಕಲೆ ಮೂರನ್ನೂ ಮೊದಲಿನಂತೆ ಮುಂದುವರಿಸುವುದು. ಶಿಕ್ಷಕಿಗೆ ಸಂಬಳ ಕೊಟ್ಟೇ ಮುಂದುವರಿಸುವುದು. ನಾನು ಹೇಗಿದ್ದರೂ ಬಂದು ಪುಕ್ಕಟೆ ಕಲಿಸುತ್ತೇನೆಂದು ತಾವು ನಂಬಿಕೊಂಡಿರುವುದು ನನಗೆ ಗೊತ್ತು. ಈ ಕೆಲಸ ಮಾಡಿದ ಯಾರನ್ನು ಕೇಳಿದರೂ ಗೊತ್ತಾಗುತ್ತದೆ, ತಮ್ಮ ಉಳಿತಾಯವೆಲ್ಲ ನಿಂತಿರುವುದು ಆ ಒಂದು ನಂಬಿಕೆಯ ಮೇಲೆ. ಮೂವತ್ತೊಂದು ವರ್ಷ ಅದನ್ನು ನಿಜ ಮಾಡಿದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಇನ್ನು ಮಾಡುವುದಿಲ್ಲ.

ಮೂರು, ಕೆಲಸ ಮಾಡುವ ಆ ಬಾರ್‌ಕೋಡ್ ಯಂತ್ರವನ್ನು ನಮಗೆ ಕೊಡುವುದು. ಖಾಲಿ ಪೆಟ್ಟಿಗೆಗಳಿಗೆ ಅದರ ಅಗತ್ಯ ಇನ್ನು ಬೀಳಲಾರದು.

ತಮ್ಮ ದಾಖಲೆಯಲ್ಲಿ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
(ಸಹಿ)
ವೆರ್ನಾ ಟ್ರೆಲೋರ್

ಅಡಕಗಳು:
1) ಎರವಲು ಪತ್ರ, ಮೊಹರಿಗೆ ಜಾಗ ಬಿಟ್ಟು. "ಹಿಂದಿರುಗಿಸುವ ದಿನಾಂಕ" ಎಂಬಲ್ಲಿ "ಕಲಿತು ಮುಗಿದ ದಿನ" ಎಂದು ಬರೆಯಲಾಗಿದೆ.
2) ಚೀಟಿಗಳು, 9,240, ಅದರ ಮೇಲೆ ಗುರುವಾರದವು. ಎರಡು ಗೋಣಿಚೀಲ.
3) ಪ್ರಶಂಸಾ ಪತ್ರ, ಚೌಕಟ್ಟಿನ ಸಮೇತ, ವಾಪಸು.
4) ಕ್ಲೆಮ್ ಡೇವಿ. ಈ ಅರ್ಜಿಯೊಂದಿಗೆ ತಮ್ಮ ಕಚೇರಿಯ ಹೊರಗೆ ಕೂತಿದ್ದಾನೆ. ಮೊಹರು ಬೀಳುವವರೆಗೆ ಏಳಬಾರದೆಂದು ಹೇಳಿ ಕಳಿಸಿದೆ. ಓದಲು ಪುಸ್ತಕ ತಂದಿದ್ದಾನೆ.

ವಿಶೇಷ ಸೂಚನೆ: ನಗರದ ಬಸ್ಸು ನಾಳೆ ಬೆಳಗ್ಗೆ ಐದೂ ನಲವತ್ತಕ್ಕೆ ಬೇಕರಿ ಮುಂದಿನಿಂದ ಹೊರಡುತ್ತದೆ. ಮೊಹರು ಒತ್ತಲು ಯಾವುದೇ ಆಡಳಿತಾತ್ಮಕ ಅಡಚಣೆ ಇದ್ದಲ್ಲಿ, ತಾವು ಖುದ್ದಾಗಿ ಐದೂವರೆಗೆ ಅಲ್ಲಿಗೆ ಆಗಮಿಸಿ, ಬಸ್ಸಿನ ಮೆಟ್ಟಿಲ ಬಳಿ ನಿಂತಿರುವ ಹನ್ನೊಂದು ವರ್ಷದ ಹುಡುಗಿಗೆ, ಅವಳು ತಬ್ಬಿಕೊಂಡಿರುವ ಕಹಳೆ ಅವಳ ಕೈಯಲ್ಲಿ ಇಲ್ಲವೆಂಬುದನ್ನು ತಿಳಿಯಹೇಳಬೇಕಾಗಿ ವಿನಂತಿ. ನನಗೆ ಅದು ಸಾಧ್ಯವಾಗಲಿಲ್ಲ.